ಮದುವೆಯ ಚಿತ್ರ: ನಡೆದದ್ದು ಮತ್ತು ತೋರಿಸಿದ್ದು

ಒಂದು ಮದುವೆ ಮುಗಿದ ಮೇಲೆ ಎರಡು ಬಗೆಯ ಸಾಕ್ಷ್ಯ ಉಳಿಯುತ್ತದೆ. ಒಂದು ಬರಹ: ಅದರಲ್ಲಿ ದಿನಾಂಕ, ಮಹರ್‌ನ ಮೊತ್ತ, ಸಾಕ್ಷಿಗಳ ಸಹಿ ಇರುತ್ತವೆ. ಇನ್ನೊಂದು ಚಿತ್ರ: ಅದರಲ್ಲಿ ಮುಖಗಳಿರುತ್ತವೆ. ಬರಹದಲ್ಲಿ ಒಂದು ಅಕ್ಷರ ತಪ್ಪಿದರೂ ಹಿರಿಯರು ತಕರಾರು ತೆಗೆಯುತ್ತಾರೆ. ಚಿತ್ರದ ವಿಷಯದಲ್ಲಿ ಮಾತ್ರ ‘ಚೆನ್ನಾಗಿ ಬಂದಿದೆಯೇ?’ ಎಂದು ಕೇಳುವವರೇ ಹೆಚ್ಚು, ‘ಸರಿಯಾಗಿ ಬಂದಿದೆಯೇ?’ ಎಂದು ಕೇಳುವವರು ಕಡಿಮೆ. ಈ ಎರಡು ಪ್ರಶ್ನೆಗಳ ನಡುವಿನ ಎಳೆದಾಟ ವಿಡಿಯೋ ಕ್ಯಾಮೆರಾಗಿಂತ ಬಹಳ ಹಳೆಯದು.

1633ರ ಫೆಬ್ರವರಿಯಲ್ಲಿ ಆಗ್ರಾದಲ್ಲಿ ದಾರಾ ಶಿಕೋಹ್ ಮತ್ತು ನಾದಿರಾ ಬಾನು ಅವರ ನಿಕಾಹ್ ನಡೆಯಿತು. ಸಿದ್ಧತೆಗಳು ಶುರುವಾಗಿದ್ದಾಗಲೇ, 1631ರ ಜೂನ್‌ನಲ್ಲಿ, ವರನ ತಾಯಿ ಮುಮ್ತಾಜ್ ಮಹಲ್ ಬುರ್ಹಾನ್‌ಪುರದಲ್ಲಿ ತೀರಿಕೊಂಡಿದ್ದರು. ನಿಂತುಹೋದ ಕೆಲಸವನ್ನು ಮತ್ತೆ ಕೈಗೆತ್ತಿಕೊಂಡವರು ಅಕ್ಕ ಜಹಾನಾರಾ. ಖರ್ಚಾದ 32 ಲಕ್ಷ ರೂಪಾಯಿಗಳಲ್ಲಿ 16 ಲಕ್ಷವನ್ನು ಅವರೇ ಕೊಟ್ಟರು. ಷಹಜಹಾನನ ಆಳ್ವಿಕೆಯ ಅಧಿಕೃತ ಚರಿತ್ರೆಯಾದ ‘ಪಾದಶಾಹನಾಮಾ’ದಲ್ಲಿ ಈ ಮದುವೆಯ ವಿವರಗಳೂ ಇವೆ, ಚಿತ್ರಗಳೂ ಇವೆ. ಅವಧ್‌ನ ನವಾಬರು 1799ರಲ್ಲಿ ಇಂಗ್ಲೆಂಡಿನ ದೊರೆ ಮೂರನೆಯ ಜಾರ್ಜ್‌ಗೆ ಉಡುಗೊರೆಯಾಗಿ ಕಳಿಸಿದ ಆ ಹಸ್ತಪ್ರತಿ ಇಂದು ವಿಂಡ್ಸರ್ ಅರಮನೆಯಲ್ಲಿದೆ.

ಸುಮಾರು ನೂರು ವರ್ಷಗಳ ನಂತರ ಹಾಜಿ ಮದನಿ ಎಂಬ ಚಿತ್ರಕಾರ ಅದೇ ಮದುವೆಯ ಮೆರವಣಿಗೆಯನ್ನು ಮತ್ತೆ ಬರೆದ. ರಾತ್ರಿಯ ಕತ್ತಲು, ಸಿಡಿಮದ್ದಿನ ಬೆಳಕು, ಕುದುರೆಯ ಮೇಲೆ ವರ. ಆ ಮೆರವಣಿಗೆಯನ್ನು ಆತ ಕಂಡವನಲ್ಲ. ಆದರೆ 1659ರಲ್ಲಿ ದಾರಾ ತಮ್ಮನ ಆಜ್ಞೆಯಂತೆ ಕೊಲೆಯಾದ ಸಂಗತಿ ಆ ಹೊತ್ತಿಗೆ ಎಲ್ಲರಿಗೂ ಗೊತ್ತಿತ್ತು. ಅದನ್ನು ತಿಳಿದು ನೋಡುವವರಿಗೆ ಆ ಬೆಳಕೇ ಎದೆ ಹಿಂಡುತ್ತದೆ. ತಾಯಿ ಕಣ್ಮುಚ್ಚಿ ಎರಡು ವರ್ಷ ತುಂಬುವ ಮೊದಲೇ ನಡೆದ ಮದುವೆ ಇದೆಂಬುದು ಯಾವ ಬಣ್ಣದಲ್ಲೂ ಇಲ್ಲ; ಎರಡು ತಾರೀಕುಗಳನ್ನು ಪಕ್ಕಪಕ್ಕ ಇಟ್ಟಾಗ ಮಾತ್ರ ಹೊಳೆಯುತ್ತದೆ. ಸತ್ಯ ಸಂಗತಿ ಭಾವನೆಗೆ ವೈರಿಯಲ್ಲ. ಎಷ್ಟೋ ಸಲ ಭಾವನೆಯನ್ನು ಹೊತ್ತು ತರುವುದು ಅದೇ.

ಕ್ಯಾಮೆರಾ ಬಂದಾಗ ಈ ಎಳೆದಾಟ ಮುಗಿಯಿತೆಂದು ಜನ ನಂಬಿದರು. ವಿಕ್ಟೋರಿಯಾ ರಾಣಿಯ ಮದುವೆ 1840ರ ಫೆಬ್ರವರಿ 10ರಂದು ನಡೆಯಿತು. ಅದನ್ನು ಯಾರೂ ಫೋಟೋ ತೆಗೆಯಲಿಲ್ಲ. ಜಾರ್ಜ್ ಹೇಟರ್ ಚಿತ್ರ ಬರೆದ. ಹದಿನಾಲ್ಕು ವರ್ಷಗಳ ಮೇಲೆ, 1854ರಲ್ಲಿ, ರೋಜರ್ ಫೆಂಟನ್ ರಾಣಿ ಮತ್ತು ಆಕೆಯ ಪತಿಯ ಫೋಟೋ ತೆಗೆದ. ಇಂದಿಗೂ ಅನೇಕರು ಅದನ್ನು ಮದುವೆಯ ಚಿತ್ರವೆಂದೇ ತೋರಿಸುತ್ತಾರೆ. ಕ್ಯಾಮೆರಾ ಸುಳ್ಳು ಹೇಳಿರಲಿಲ್ಲ, ಅಡಿಬರಹ ಹೇಳಿತು.

ನಮ್ಮ ಮನೆಗಳಿಗೆ ವಿಡಿಯೋ ಬಂದದ್ದು 1980ರ ದಶಕದಲ್ಲಿ. 1982ರ ಏಷ್ಯನ್ ಕ್ರೀಡಾಕೂಟದ ಜೊತೆಗೆ ಬಣ್ಣದ ಟಿವಿ ಹರಡಿತು, ಹಿಂದೆಯೇ ವಿಸಿಆರ್. ಮೂರು ಗಂಟೆಯ ಕ್ಯಾಸೆಟ್‌ನಲ್ಲಿ ಕತ್ತರಿಗೆ ಕೆಲಸ ಕಡಿಮೆ. ಪಂಕ್ತಿಯಲ್ಲಿ ಉಣ್ಣುವ ನೆಂಟರು, ಲೈಟು ಕಣ್ಣಿಗೆ ಬಿದ್ದು ಮುಖ ತಿರುಗಿಸುವ ಅಜ್ಜಿ, ದೇಗಿನ ಮುಂದೆ ಬೆವರುವ ಬಾವರ್ಚಿ, ಎಲ್ಲರೂ ಅದರಲ್ಲಿರುತ್ತಿದ್ದರು. ಮಾತಿನ ಮೇಲೆ ಮಾತ್ರ ಸಿನಿಮಾ ಹಾಡು ಹಾಸಿಬಿಡುತ್ತಿದ್ದರು. ‘ಹಮ್ ಆಪ್‌ಕೆ ಹೈ ಕೌನ್’ (1994) ಬಂದ ಮೇಲೆ ಮದುವೆಗಳೇ ಸಿನಿಮಾದಂತಾಗತೊಡಗಿದವು. ಇತ್ತ ಮೀರಾ ನಾಯರ್ ಅವರ ‘ಮಾನ್ಸೂನ್ ವೆಡ್ಡಿಂಗ್’ (2001) ಕ್ಯಾಮೆರಾವನ್ನು ಕೈಯಲ್ಲೇ ಹಿಡಿದು, ಸಿನಿಮಾವನ್ನು ಮನೆಯ ವಿಡಿಯೋದಂತೆ ಮಾಡಿತು. ಗಿರೀಶ ಕಾರ್ನಾಡರ ‘ವೆಡ್ಡಿಂಗ್ ಆಲ್ಬಮ್’ ನಾಟಕದಲ್ಲಿ ಧಾರವಾಡದ ಹುಡುಗಿ ಅಮೆರಿಕದ ವರನಿಗಾಗಿ ಕ್ಯಾಮೆರಾ ಎದುರು ಕೂರುತ್ತಾಳೆ. ತನ್ನನ್ನು ಹೇಗೆ ತೋರಿಸಿಕೊಳ್ಳಬೇಕು ಎಂಬ ಅವಳ ಇಕ್ಕಟ್ಟು ನಮ್ಮೆಲ್ಲರದೂ ಹೌದು. 2008ರಲ್ಲಿ ಕ್ಯಾನನ್ 5ಡಿ ಮಾರ್ಕ್ 2 ಬಂದ ನಂತರ ಫೋಟೋ ಕ್ಯಾಮೆರಾದಲ್ಲೇ ಸಿನಿಮಾದ ಮೆರುಗು ಸಿಗತೊಡಗಿತು. ಮೂರು ಗಂಟೆಯ ಮದುವೆ ಮೂರು ನಿಮಿಷಕ್ಕಿಳಿಯಿತು.

ಇಲ್ಲೇ ಎಚ್ಚರ ಬೇಕಾದದ್ದು. ನಮ್ಮ ಕಡೆಯ ನಿಕಾಹ್‌ನಲ್ಲಿ ಸಾಮಾನ್ಯವಾಗಿ ವಕೀಲರು, ಸಾಕ್ಷಿಗಳು ಮೊದಲು ವಧುವಿನ ಬಳಿ ಹೋಗಿ ಒಪ್ಪಿಗೆ ಕೇಳುತ್ತಾರೆ. ಆಮೇಲೆ ವರನ ಸರದಿ. ಸಂಕಲನದ ಮೇಜಿನಲ್ಲಿ ವರನ ‘ಕಬೂಲ್’ ಮೊದಲು ಬಂದು, ಅದಕ್ಕೆ ಉತ್ತರವೆಂಬಂತೆ ವಧುವಿನ ಕಣ್ಣೀರು ಬಂದರೆ ದೃಶ್ಯ ಕಳೆಗಟ್ಟುತ್ತದೆ, ನಿಜ. ಆದರೆ ಅವಳ ಒಪ್ಪಿಗೆ ಅವನ ಮಾತಿನ ಬಾಲವಾಗಿಬಿಡುತ್ತದೆ. ರುಖ್ಸತಿಯ ಅಳುವನ್ನು ತಂದು ಒಪ್ಪಿಗೆಯ ಗಳಿಗೆಗೆ ಅಂಟಿಸಿದರಂತೂ, ಮನಸಾರೆ ಒಪ್ಪಿದ ಹುಡುಗಿ ಒತ್ತಾಯಕ್ಕೆ ಮಣಿದವಳಂತೆ ಕಾಣುತ್ತಾಳೆ. ನಾಳೆ ಅದನ್ನು ನೋಡುವ ಅವಳ ಮಕ್ಕಳು ಯಾವುದನ್ನು ನಂಬಬೇಕು?

ಆಯ್ದುಕೊಳ್ಳುವುದು ತಪ್ಪಲ್ಲ. ಕತೆ ಬರೆಯುವವರೂ ಆಯ್ದುಕೊಳ್ಳುತ್ತಾರೆ, ಚರಿತ್ರೆ ಬರೆಯುವವರೂ ಆಯ್ದುಕೊಳ್ಳುತ್ತಾರೆ. ಕತ್ತರಿಸಬಹುದು, ಚಿಕ್ಕದು ಮಾಡಬಹುದು, ಹಾಡು ಸೇರಿಸಬಹುದು. ಯಾರು ಯಾವಾಗ ಏನು ಹೇಳಿದರು ಎಂಬುದನ್ನು ಮಾತ್ರ ಬದಲಿಸಬಾರದು.

ವಿಸಿಆರ್ ತಯಾರಿಸುತ್ತಿದ್ದ ಕೊನೆಯ ಕಂಪನಿ, ಜಪಾನಿನ ಫುನಾಯ್, 2016ರಲ್ಲಿ ಕೆಲಸ ನಿಲ್ಲಿಸಿತು. ಬೀರುವಿನೊಳಗಿನ ಕ್ಯಾಸೆಟ್‌ಗಳಲ್ಲಿ ಬೂಷ್ಟು ಹಿಡಿಯುತ್ತಿದೆ. ಅವುಗಳಲ್ಲಿ ತೀರಿಹೋದವರ ನಡಿಗೆ ಇದೆ, ಹಾಡು ಮುಚ್ಚದೆ ಬಿಟ್ಟ ಕಡೆ ಅವರ ದನಿಯೂ ಇದೆ. ಇದ್ದವರು ಬೇಗ ಪ್ರತಿ ಮಾಡಿಸಿಕೊಳ್ಳುವುದು ಒಳ್ಳೆಯದು. ಹೊಸದಾಗಿ ಮದುವೆ ಮಾಡುವವರು ಮೂರು ನಿಮಿಷದ ಚಂದದ ಚಿತ್ರದ ಜೊತೆಗೆ, ಹಾಡು ಬೆರೆಸದ ಪೂರ್ತಿ ಚಿತ್ರೀಕರಣವನ್ನೂ ಕೇಳಿ ಪಡೆಯಲಿ. ಇಂದು ಬೇಸರ ತರಿಸುವ ಅಜ್ಜಿಯ ಗೊಣಗಾಟವೇ ಮೂವತ್ತು ವರ್ಷದ ನಂತರ ಮನೆಮಂದಿ ಮತ್ತೆ ಮತ್ತೆ ಹಾಕಿಸಿ ಕೇಳುವ ಮಾತಾಗಬಹುದು.