‘ಮೊಘಲ್-ಎ-ಆಜಂ’ ಕಟ್ಟಿದವರು

ಕೆ. ಆಸಿಫ್ ನಿರ್ದೇಶನದ ಹಿಂದಿ ಚಿತ್ರ ‘ಮೊಘಲ್-ಎ-ಆಜಂ’ ತೆರೆ ಕಂಡದ್ದು 1960ರ ಆಗಸ್ಟ್ 5ರಂದು. ಅದರ ಯೋಚನೆ ಮೊಳೆತದ್ದು 1944ರಲ್ಲಿ. ನಡುವಿನ ಹದಿನಾರು ವರ್ಷಗಳಲ್ಲಿ ದೇಶ ಎರಡಾಯಿತು, ಮೊದಲ ನಿರ್ಮಾಪಕರು ಗಡಿಯಾಚೆ ಹೋದರು, ಅಕ್ಬರನ ಪಾತ್ರ ವಹಿಸಿದ್ದ ನಟ ತೀರಿಕೊಂಡರು, ನಾಯಕ ನಾಯಕಿಯರಿಬ್ಬರೂ ಬದಲಾದರು. ಚಿತ್ರವನ್ನು ಆಸಿಫ್ ಒಬ್ಬರ ಹಟದ ಫಲವೆಂದು ಕೊಂಡಾಡುವುದು ರೂಢಿ. ಹಟವೇನೋ ನಿಜ. ಆದರೆ ಅದಕ್ಕೆ ಹೆಗಲು ಕೊಟ್ಟವರಲ್ಲಿ ಸಿನಿಮಾದ ಗಂಧಗಾಳಿ ಇಲ್ಲದವರೂ ಬಹಳ ಮಂದಿ ಇದ್ದರು.

ಚಿತ್ರಕ್ಕೆ ವಸ್ತುವಾದ, ಅಕ್ಬರನ ಮಗ ಸಲೀಂ (ಮುಂದೆ ಜಹಾಂಗೀರ್) ಮತ್ತು ನರ್ತಕಿ ಅನಾರ್ಕಲಿಯರ ಪ್ರೇಮಕಥೆಗೆ ಚರಿತ್ರೆಯ ಆಧಾರ ತೀರ ತೆಳು. ‘ಅಕ್ಬರ್‌ನಾಮಾ’ದಲ್ಲಾಗಲಿ, ಜಹಾಂಗೀರ್ ಸ್ವತಃ ಬರೆದುಕೊಂಡ ನೆನಪುಗಳಲ್ಲಾಗಲಿ ಅವಳ ಸುಳಿವಿಲ್ಲ. 17ನೇ ಶತಮಾನದ ಆರಂಭದಲ್ಲಿ ಲಾಹೋರಿಗೆ ಬಂದಿದ್ದ ಇಂಗ್ಲಿಷ್ ವರ್ತಕ ವಿಲಿಯಂ ಫಿಂಚ್‌ನ ಬರವಣಿಗೆಯಲ್ಲಿ ಇಂಥದೊಂದು ವದಂತಿ ಸಿಗುತ್ತದೆ. ಅವಳದೆಂದು ಹೇಳುವ ಗೋರಿಯೂ ಆ ಊರಿನಲ್ಲಿದೆ. ವದಂತಿಯನ್ನು ಮನೆಮಾತಾಗಿಸಿದ್ದು 1922ರಲ್ಲಿ ಇಮ್ತಿಯಾಜ್ ಅಲಿ ತಾಜ್ ಬರೆದ ಉರ್ದು ನಾಟಕ ‘ಅನಾರ್ಕಲಿ’. ಸಿನಿಮಾದವರೂ ಅದನ್ನು ಬಿಡಲಿಲ್ಲ. ಸುಲೋಚನಾ ಎಂದು ಹೆಸರಾಗಿದ್ದ ರೂಬಿ ಮೈಯರ್ಸ್ 1928ರ ಮೂಕಿ ಚಿತ್ರದಲ್ಲೂ 1935ರ ವಾಕ್ಚಿತ್ರದಲ್ಲೂ ಅನಾರ್ಕಲಿಯಾದರು. 1953ರಲ್ಲಿ ಬೀನಾ ರೈ ನಾಯಕಿಯಾಗಿ ಅದೇ ಕಥೆ ಮತ್ತೆ ಬಂದು ಗೆದ್ದಿತು. ಅದರಲ್ಲಿ ಸುಲೋಚನಾ ಸಲೀಮನ ತಾಯಿ. ಆಸಿಫರ ಚಿತ್ರ ಆಗಿನ್ನೂ ಅರ್ಧ ದಾರಿಯಲ್ಲೂ ಇರಲಿಲ್ಲ.

ಉತ್ತರ ಪ್ರದೇಶದ ಇಟಾವಾದಲ್ಲಿ 1922ರಲ್ಲಿ ಹುಟ್ಟಿದ ಆಸಿಫರಿಗೆ ಆ ಮೊದಲು ನಿರ್ದೇಶಿಸಿದ್ದ ಅನುಭವ ಒಂದೇ ಚಿತ್ರದ್ದು, 1945ರ ‘ಫೂಲ್’. ನಿರ್ಮಾಪಕ ಶಿರಾಜ್ ಅಲಿ ಹಕೀಂ ಹಣ ಹೂಡಿ, 1946ರಲ್ಲಿ ಬಾಂಬೆ ಟಾಕೀಸ್ ಸ್ಟುಡಿಯೋದಲ್ಲಿ ಚಿತ್ರೀಕರಣ ಶುರುವಾಯಿತು. ಚಂದ್ರಮೋಹನ್ ಅಕ್ಬರ್, ಸಪ್ರು ಸಲೀಂ, ನರ್ಗಿಸ್ ಅನಾರ್ಕಲಿ. ಸೊಹ್ರಾಬ್ ಮೋದಿಯವರ ‘ಪುಕಾರ್’ (1939) ಚಿತ್ರದಲ್ಲಿ ಜಹಾಂಗೀರನಾಗಿ ಮೆರೆದಿದ್ದ ಚಂದ್ರಮೋಹನ್ ಇಲ್ಲಿ ಅವನ ಅಪ್ಪನಾಗಿದ್ದರು. ವಿಭಜನೆಯಾಗಿ ಹಕೀಂ ಪಾಕಿಸ್ತಾನಕ್ಕೆ ಹೋದರು. 1949ರಲ್ಲಿ ಚಂದ್ರಮೋಹನ್ ಕಾಲವಾದರು. ತೆಗೆದಷ್ಟು ಭಾಗ ಮೂಲೆ ಸೇರಿತು.

ಮತ್ತೆ ಜೀವ ಬಂದದ್ದು ಕಟ್ಟಡ ಗುತ್ತಿಗೆದಾರರೊಬ್ಬರಿಂದ. ಮುಂಬಯಿಯ ಶಾಪೂರ್ಜಿ ಪಲ್ಲೋಂಜಿ ಮಿಸ್ತ್ರಿ ಪಾರ್ಸಿ ಉದ್ಯಮಿ. ಸಿನಿಮಾ ನಿರ್ಮಾಣ ಗೊತ್ತಿರಲಿಲ್ಲ, ಅಕ್ಬರನ ಮೇಲೆ ಮಾತ್ರ ಅಪಾರ ಆಸಕ್ತಿ. ಹಕೀಂ ಸೂಚಿಸಿದ ಈ ಹೆಸರನ್ನು ಹಿಡಿದು ಹೋದ ಆಸಿಫರಿಗೆ ಅವರು 1950ರಲ್ಲಿ ಒಪ್ಪಿಗೆ ಕೊಟ್ಟರು. ಖರ್ಚು ಕಡೆಗೆ ಒಂದು ಕೋಟಿ ರೂಪಾಯಿ ದಾಟಿ, ಒಂದೂವರೆ ಕೋಟಿವರೆಗೂ ಹೋಯಿತೆಂಬ ಲೆಕ್ಕವಿದೆ. ಸಾಲು ಸಾಲು ಜಗಳಗಳ ನಡುವೆಯೂ ಅವರು ಕೈಬಿಡಲಿಲ್ಲ. ಈ ಚಿತ್ರದ ಚರಿತ್ರೆಯಲ್ಲಿ ಅವರ ತಾಳ್ಮೆಗೆ ಸಿಗಬೇಕಾದಷ್ಟು ಜಾಗ ಸಿಕ್ಕಿಲ್ಲ.

ಹೊಸ ತಾರಾಗಣದಲ್ಲಿ ಅಕ್ಬರನಾಗಿ ಪೃಥ್ವಿರಾಜ್ ಕಪೂರ್ ಬಂದರು. ‘ಸಿಕಂದರ್’ (1941) ಚಿತ್ರದಲ್ಲಿ ಅಲೆಗ್ಸಾಂಡರನಾಗಿ ಗೆದ್ದಿದ್ದ ಅವರ ಕಂಠ, ನಡಿಗೆ ಎರಡೂ ರಂಗಭೂಮಿಯವು; ಚಿತ್ರದ ಹೆಸರೂ ಅಕ್ಬರನದೇ ತಾನೆ. (ಕನ್ನಡಿಗರು ಅವರನ್ನು ಪುಟ್ಟಣ್ಣ ಕಣಗಾಲರ 1971ರ ‘ಸಾಕ್ಷಾತ್ಕಾರ’ದಲ್ಲಿ ರಾಜಕುಮಾರ್ ಜೊತೆ ಕಂಡಿದ್ದಾರೆ.) ದುರ್ಗಾ ಖೋಟೆ ಜೋಧಾಬಾಯಿಯಾದರು. ಅಸೂಯೆಯ ಬಹಾರ್ ಪಾತ್ರಕ್ಕೆ ನಿಗಾರ್ ಸುಲ್ತಾನಾ, ಸಲೀಮನ ಗೆಳೆಯ ದುರ್ಜನ್ ಸಿಂಗ್‌ಗೆ ಅಜಿತ್, ತಾನ್‌ಸೇನನಿಗೆ ಸುರೇಂದ್ರ, ಬಾಲಕ ಸಲೀಮನಿಗೆ ಜಲಾಲ್ ಆಗಾ. ದಿಲೀಪ್ ಕುಮಾರ್ ಸಲೀಮನಾದರು. ಮೊದಲ ಸುತ್ತಿನಲ್ಲಿ ಆಸಿಫ್ ಇದೇ ನಟನನ್ನು ಒಲ್ಲೆನೆಂದಿದ್ದರು.

ಅನಾರ್ಕಲಿ ಮಧುಬಾಲಾ ಪಾಲಾಯಿತು. ಹುಟ್ಟಿನಿಂದಲೇ ಆಕೆಯ ಹೃದಯದಲ್ಲಿ ದೋಷವಿತ್ತು. ಸೆರೆಮನೆಯ ದೃಶ್ಯಗಳಿಗೆ ಆಸಿಫ್ ತೊಡಿಸಿದ್ದು ನಿಜವಾದ ಕಬ್ಬಿಣದ ಸರಪಳಿ. ಚಿತ್ರೀಕರಣ ಶುರುವಾದಾಗ ದಿಲೀಪ್–ಮಧುಬಾಲಾ ಪ್ರೇಮಿಗಳು. ‘ನಯಾ ದೌರ್’ ಚಿತ್ರದ ತಕರಾರು ಕೋರ್ಟು ಮೆಟ್ಟಿಲೇರಿ, ದಿಲೀಪ್ ಆಕೆಯ ತಂದೆಗೆ ವಿರುದ್ಧವಾಗಿ ಸಾಕ್ಷಿ ಹೇಳಿದ ಮೇಲೆ ಮಾತುಕತೆಯೂ ನಿಂತಿತು. ಸಲೀಂ ಹಕ್ಕಿಯ ಗರಿಯಿಂದ ಅನಾರ್ಕಲಿಯ ಮುಖ ಸವರುವ ದೃಶ್ಯದಲ್ಲಿ ಅವರಿಬ್ಬರ ನಡುವೆ ಸಂಭಾಷಣೆಯಿಲ್ಲ. ಹಿನ್ನೆಲೆಯಲ್ಲಿ ತಾನ್‌ಸೇನನ ಹಾಡಷ್ಟೇ. ಹಿಂದಿ ಚಿತ್ರರಂಗದ ಅತ್ಯಂತ ಶೃಂಗಾರಮಯ ದೃಶ್ಯವೆಂದು ಹೆಸರಾದ ಇದನ್ನು ತೆಗೆಯುವಾಗ ಕ್ಯಾಮೆರಾದಾಚೆ ಅವರು ಒಬ್ಬರನ್ನೊಬ್ಬರು ಮಾತನಾಡಿಸುತ್ತಿರಲಿಲ್ಲವೆಂದು ದಿಲೀಪ್ ಕುಮಾರ್ ಆತ್ಮಕಥೆಯಲ್ಲಿ ಬರೆದಿದ್ದಾರೆ.

ಸಂಭಾಷಣೆಗೆ ನಾಲ್ವರು: ಅಮಾನ್, ಕಮಾಲ್ ಅಮ್ರೋಹಿ, ವಜಾಹತ್ ಮಿರ್ಜಾ, ಎಹ್ಸಾನ್ ರಿಜ್ವಿ. ಅಮಾನ್ ನಟಿ ಜೀನತ್ ಅಮಾನರ ತಂದೆ. ಅಮ್ರೋಹಿ ಮುಂದೆ ‘ಪಾಕೀಜಾ’ ಮಾಡಿದವರು. ನಾಲ್ಕು ಕೈಗಳ ಬರಹವಾದರೂ ಬಿರುಕು ಕಾಣದಿರುವುದು ಸಣ್ಣ ಸಾಧನೆಯಲ್ಲ. ಕಥೆಯ ಮುಕ್ತಾಯವನ್ನೂ ಅವರು ತಿದ್ದಿದರು. ದಂತಕಥೆಯಲ್ಲಿ ಜೀವಂತ ಗೋಡೆ ಸೇರುವ ಅನಾರ್ಕಲಿಯನ್ನು ಇಲ್ಲಿ ಅಕ್ಬರನೇ ಸುರಂಗದಿಂದ ಗುಟ್ಟಾಗಿ ಹೊರಗೆ ಕಳಿಸುತ್ತಾನೆ. ಅವನು ಹಿಂದೆ ಅವಳ ತಾಯಿಗೆ ಕೊಟ್ಟಿದ್ದ ಮಾತು ಉಳಿಯುತ್ತದೆ, ಬಾದಶಹನ ನ್ಯಾಯವೂ ಉಳಿಯುತ್ತದೆ. ಭಾರತದ ಭೂಪಟವೇ ಎದ್ದು ಕಥೆ ಹೇಳುವ ಚಿತ್ರಕ್ಕೆ ಅಕ್ಬರ್ ಕೊಲೆಗಾರನಾಗುವುದು ಬೇಕಿರಲಿಲ್ಲ.

ವೇಷಭೂಷಣ, ಪರಿಕರಗಳಿಗೆ ದೇಶದ ನಾನಾ ಊರಿನ ಕಸುಬುದಾರರು ದುಡಿದರು. ಬಟ್ಟೆ ಹೊಲಿದವರು ದಿಲ್ಲಿಯ ದರ್ಜಿಗಳು, ಜರಿ ಕೆಲಸ ಸೂರತ್ತಿನವರದು. ಒಡವೆ ಹೈದರಾಬಾದಿನ ಅಕ್ಕಸಾಲಿಗರಿಂದ, ಕಿರೀಟ ಕೊಲ್ಹಾಪುರದಿಂದ, ಕತ್ತಿ ಗುರಾಣಿ ರಾಜಸ್ಥಾನದ ಕಮ್ಮಾರರಿಂದ, ಪಾದರಕ್ಷೆ ಆಗ್ರಾದಿಂದ ಬಂದವು. ಯುದ್ಧದ ದೃಶ್ಯಗಳಿಗೆ 2,000 ಒಂಟೆ, 4,000 ಕುದುರೆ, 8,000 ಸೈನಿಕರನ್ನು ಬಳಸಲಾಯಿತೆಂಬ ಲೆಕ್ಕ ಎಲ್ಲೆಡೆ ಉಲ್ಲೇಖವಾಗುತ್ತದೆ. ರಕ್ಷಣಾ ಇಲಾಖೆಯ ಒಪ್ಪಿಗೆ ಪಡೆದು ಸೇನೆಯವರನ್ನೇ ಕರೆಸಲಾಗಿತ್ತು.

ಕಲಾ ನಿರ್ದೇಶಕ ಎಂ.ಕೆ. ಸೈಯದ್ ಮೋಹನ್ ಸ್ಟುಡಿಯೋದಲ್ಲಿ ಎಬ್ಬಿಸಿದ ಶೀಶ್ ಮಹಲ್ 150 ಅಡಿ ಉದ್ದ, 80 ಅಡಿ ಅಗಲ, 35 ಅಡಿ ಎತ್ತರ. ಕೆಲಸಕ್ಕೆ ಫಿರೋಜಾಬಾದಿನ ಗಾಜಿನ ಕುಶಲಕರ್ಮಿಗಳು ಬಂದರು, ಗಾಜು ಬೆಲ್ಜಿಯಂನಿಂದ ಬಂತು, ಎರಡು ವರ್ಷ ಹಿಡಿಯಿತು. ಸಿದ್ಧವಾದ ಮೇಲೆ ಅಸಲಿ ತೊಡಕು ಎದುರಾಯಿತು. ದೀಪ ಹಚ್ಚಿದೊಡನೆ ಸಾವಿರಾರು ಕನ್ನಡಿಚೂರುಗಳು ಬೆಳಕನ್ನು ನೇರ ಕ್ಯಾಮೆರಾದ ಕಣ್ಣಿಗೇ ಎಸೆಯುತ್ತಿದ್ದವು. ವಿದೇಶಿ ಪರಿಣತರು ಇದು ಆಗದ ಕೆಲಸವೆಂದು ತಲೆಯಾಡಿಸಿದರು. ಛಾಯಾಗ್ರಾಹಕ ಆರ್.ಡಿ. ಮಾಥುರ್ ಮತ್ತು ಆಸಿಫ್ ಕಂಡುಕೊಂಡ ಉಪಾಯ ಸರಳ: ಕನ್ನಡಿಗಳಿಗೆ ತೆಳುವಾಗಿ ಮೇಣ ಬಳಿದು ಹೊಳಪು ತಗ್ಗಿಸುವುದು, ದೀಪವನ್ನು ನೇರ ಬಿಡದೆ ಬಟ್ಟೆಯ ಪಟ್ಟಿಗಳ ಮೇಲೆ ಹಾಯಿಸಿ ಅಲ್ಲಿಂದ ಪ್ರತಿಫಲಿಸಿದ ಮೃದು ಬೆಳಕನ್ನಷ್ಟೇ ಬಳಸುವುದು. ಚಾವಣಿಯ ಒಂದೊಂದು ಚೂರಿನಲ್ಲೂ ಕುಣಿಯುವ ಅನಾರ್ಕಲಿ ಕಾಣುವ ಆ ದೃಶ್ಯ ಹೀಗೆ ಸಾಧ್ಯವಾಯಿತು. ಬಹುಪಾಲು ಕಪ್ಪು ಬಿಳುಪಿನಲ್ಲಿದ್ದ ಚಿತ್ರದಲ್ಲಿ ಈ ಹಾಡು ಬಣ್ಣದಲ್ಲಿತ್ತು.

ಅದೇ ‘ಪ್ಯಾರ್ ಕಿಯಾ ತೋ ಡರ್ನಾ ಕ್ಯಾ’. ಶಕೀಲ್ ಬದಾಯೂನಿ ಸಾಹಿತ್ಯ, ನೌಷಾದ್ ಸಂಗೀತ, ಲತಾ ಮಂಗೇಶ್ಕರ್ ಕಂಠ. ಕಥಕ್ ಸಂಯೋಜನೆ ಲಚ್ಛೂ ಮಹಾರಾಜರದು. ತಾನ್‌ಸೇನನ ದನಿಗೆ ಉಸ್ತಾದ್ ಬಡೇ ಗುಲಾಂ ಅಲಿ ಖಾನರೇ ಆಗಬೇಕೆಂದು ಆಸಿಫ್ ಪಟ್ಟು ಹಿಡಿದರು. ಸಿನಿಮಾಕ್ಕೆ ಹಾಡಲು ಮನಸ್ಸಿಲ್ಲದ ಉಸ್ತಾದರು ಇವರು ವಾಪಸು ಹೋಗಲೆಂದೇ ಹಾಡಿಗೆ 25,000 ರೂಪಾಯಿ ಕೇಳಿದರಂತೆ. ಲತಾ, ರಫಿಯಂಥವರಿಗೇ ಹಾಡಿಗೆ ಐನೂರರೊಳಗೆ ಸಿಗುತ್ತಿದ್ದ ಕಾಲ. ಆಸಿಫ್ ಚೌಕಾಸಿ ಮಾಡದೆ ಒಪ್ಪಿದರು. ಉಸ್ತಾದರ ಎರಡು ಹಾಡು ಚಿತ್ರಕ್ಕೆ ದಕ್ಕಿದವು. ರಫಿ ಹಾಡಿದ ‘ಏ ಮೊಹಬ್ಬತ್ ಜಿಂದಾಬಾದ್’ಗೆ ನೂರು ಮಂದಿಯ ಮೇಳವಿತ್ತು.

ಪ್ರಥಮ ಪ್ರದರ್ಶನ ಮುಂಬಯಿಯ ಮರಾಠಾ ಮಂದಿರ್‌ನಲ್ಲಿ ನಡೆಯಿತು. ರೀಲುಗಳು ಆನೆಯ ಮೇಲೆ ಬಂದವು. ಚಿತ್ರಮಂದಿರದ ಎದುರಿಗಿರುವ ಬಾಂಬೆ ಸೆಂಟ್ರಲ್ ರೈಲು ನಿಲ್ದಾಣವನ್ನು 1930ರಲ್ಲಿ ಕಟ್ಟಿದ್ದು ಶಾಪೂರ್ಜಿ ಸಂಸ್ಥೆಯೇ. ಆಸಿಫರು ದಿಲೀಪರ ತಂಗಿ ಅಖ್ತರರನ್ನು ಮದುವೆಯಾದದ್ದರಿಂದ ಸಂಬಂಧ ಹಳಸಿ, ದಿಲೀಪ್ ಅಲ್ಲಿಗೆ ಬರಲೇ ಇಲ್ಲ. 1975ರ ‘ಶೋಲೆ’ಯವರೆಗೂ ಗಳಿಕೆಯಲ್ಲಿ ಈ ಚಿತ್ರವನ್ನು ಮೀರಿಸಿದ್ದು ಇನ್ನೊಂದಿಲ್ಲ. ತಮಿಳಿನಲ್ಲಿ ‘ಅಕ್ಬರ್’ ಎಂಬ ಹೆಸರಲ್ಲಿ ಬಂದದ್ದು ಸೋತು, ಇಂಗ್ಲಿಷ್ ಆವೃತ್ತಿಯ ಯೋಚನೆಯನ್ನು ಕೈಬಿಡಲಾಯಿತು. ಫಿಲಂಫೇರ್ ಪ್ರಶಸ್ತಿ ಸಿಕ್ಕಿದ್ದು ಚಿತ್ರಕ್ಕೆ, ಸಂಭಾಷಣೆಗೆ, ಮಾಥುರರ ಛಾಯಾಗ್ರಹಣಕ್ಕೆ. ನೌಷಾದರಿಗೆ ಬರಲಿಲ್ಲ, ಇದು ಆ ವರ್ಷದ ತೀರ್ಪುಗಾರರ ಎಡವಟ್ಟೆಂದೇ ಹೇಳಬೇಕು.

ಮಧುಬಾಲಾ 1969ರಲ್ಲಿ, 36ನೇ ವಯಸ್ಸಿಗೆ ತೀರಿಕೊಂಡರು. ಆಸಿಫ್ ಕೈಗೆತ್ತಿಕೊಂಡ ‘ಲವ್ ಅಂಡ್ ಗಾಡ್’ ನಾಯಕ ಗುರುದತ್ತರ ಸಾವಿನಿಂದ ನಿಂತು, ಸಂಜೀವ್ ಕುಮಾರರೊಂದಿಗೆ ಮತ್ತೆ ಶುರುವಾಗಿ, 1971ರಲ್ಲಿ ಆಸಿಫರೇ ಇಲ್ಲವಾದಾಗ ಪುನಃ ನಿಂತಿತು. ಅಪೂರ್ಣವಾಗಿಯೇ 1986ರಲ್ಲಿ ಬಿಡುಗಡೆಯಾಯಿತು. ‘ಮೊಘಲ್-ಎ-ಆಜಂ’ 2004ರ ನವೆಂಬರಿನಲ್ಲಿ ಪೂರ್ತಿ ಬಣ್ಣ ತಳೆದು ಮರುಬಿಡುಗಡೆಯಾಯಿತು, 2016ರಲ್ಲಿ ಫಿರೋಜ್ ಅಬ್ಬಾಸ್ ಖಾನರ ನಿರ್ದೇಶನದಲ್ಲಿ ಸಂಗೀತ ನಾಟಕವಾಯಿತು. ಎರಡಕ್ಕೂ ಹಣ ಹಾಕಿದ್ದು ಶಾಪೂರ್ಜಿ ಪಲ್ಲೋಂಜಿ ಸಮೂಹವೇ.