ಸಾಳುವವೂ ಗೂಗೆಯೂ: ಬೇಟೆಯ ಹಗಲು, ಬೇಟೆಯ ಇರುಳು

ದೆಹಲಿಯ ಮುಖರ್ಜಿ ನಗರದಿಂದ ಅನತಿದೂರದಲ್ಲಿ, ಕುರುಚಲು ಕಾಡಿನ ಬೆಟ್ಟದೇಣಿನ ಮೇಲೆ, ಹಿಂದೂರಾವ್ ಆಸ್ಪತ್ರೆಯ ಆವರಣದೊಳಗೆ ಪೀರ್ ಗೈಬ್ ಎಂಬ ಹಳೆಯ ಕಟ್ಟಡವೊಂದಿದೆ. ಫಿರೋಜ್ ಷಾ ತುಘಲಕನು (೧೩೫೧–೧೩೮೮) ಕಟ್ಟಿಸಿದ ಬೇಟೆಯರಮನೆಯ ಅವಶೇಷ ಇದೆಂದು ವಿದ್ವಾಂಸರ ಮತ. ಈ ಸುಲ್ತಾನನ ಬೇಟೆಯ ವ್ಯಸನವನ್ನೂ, ಅವನು ಸಾಕಿದ್ದ ಗಿಡುಗ-ಸಿವಂಗಿಗಳನ್ನೂ ಶಮ್ಸ್-ಎ-ಸಿರಾಜ್ ಅಫೀಫನು ತನ್ನ ಇತಿಹಾಸದಲ್ಲಿ ವರ್ಣಿಸಿದ್ದಾನೆ. ಅದನ್ನು ಓದಿದವರಿಗೆ ಗಿಡುಗಬೇಟೆಯು ಪಾರಸಿಕರೊಡನೆ ಈ ದೇಶಕ್ಕೆ ಬಂದ ವಿನೋದವೆಂದು ತೋರುವುದು ಸಹಜ. ಆದರೆ ಫಿರೋಜನಿಗೆ ಎರಡು ಶತಮಾನಗಳಿಗೂ ಹಿಂದೆಯೇ ಕಲ್ಯಾಣದ ಆಸ್ಥಾನದಲ್ಲಿ ಇದು ಗ್ರಂಥಸ್ಥವಾಗಿತ್ತೆಂಬುದನ್ನು ಮರೆಯಲಾಗದು.

ಆರನೆಯ ವಿಕ್ರಮಾದಿತ್ಯನ ಮಗನಾದ ಭೂಲೋಕಮಲ್ಲ ಸೋಮೇಶ್ವರನು ಕ್ರಿ.ಶ. ೧೧೩೦ರ ಆಸುಪಾಸಿನಲ್ಲಿ ರಚಿಸಿದ 'ಮಾನಸೋಲ್ಲಾಸ' ಅಥವಾ 'ಅಭಿಲಷಿತಾರ್ಥಚಿಂತಾಮಣಿ'ಯಲ್ಲಿ ಐದು ವಿಂಶತಿಗಳೂ ನೂರು ಅಧ್ಯಾಯಗಳೂ ಇವೆ. ಅದರ ವಿನೋದವಿಂಶತಿಯಲ್ಲಿ ಕೋಳಿ, ಟಗರು, ಪಾರಿವಾಳ, ನಾಯಿಗಳ ವಿನೋದಗಳೊಡನೆ ಶ್ಯೇನವಿನೋದಕ್ಕೂ ಸ್ಥಾನವುಂಟು. ಗ್ರಂಥದ ಭಾಷೆ ಸಂಸ್ಕೃತವಾದರೂ ಅದರ ಹಿಂದಿನ ಅನುಭವ ಕನ್ನಡನಾಡಿನ ಅರಮನೆಯದು. ಯುರೋಪಿನಲ್ಲಿ ಈ ವಿದ್ಯೆಯ ಆದಿಗ್ರಂಥವೆಂಬಷ್ಟು ಪ್ರಸಿದ್ಧವಾದ ಚಕ್ರವರ್ತಿ ಎರಡನೆಯ ಫ್ರೆಡರಿಕನ ಕೃತಿ ಹೊರಬಂದುದು ಇದಾದ ಸುಮಾರು ಒಂದು ಶತಮಾನಕ್ಕೆ. ಆ ಕೃತಿಗೆ ದೊರೆತ ವ್ಯಾಖ್ಯಾನ-ಅನುವಾದಗಳ ಭಾಗ್ಯವು ನಮ್ಮ ಚಾಲುಕ್ಯ ದೊರೆಯ ಶ್ಯೇನಾಧ್ಯಾಯಕ್ಕೆ ದೊರೆತಿಲ್ಲ.

ಗ್ರಂಥಕ್ಕಿಂತಲೂ ಹೆಚ್ಚಾಗಿ ಇಲ್ಲಿ ಮಾತನಾಡುವುದು ಒಂದು ಶಬ್ದ. 'ಸಾಳುವ' ಎಂದರೆ ಬೇಟೆಗೆ ಪಳಗಿಸಿದ ಗಿಡುಗ. ಕನ್ನಡ, ತೆಲುಗು ಎರಡರಲ್ಲಿಯೂ ಈ ಮಾತುಂಟು. ವಿಜಯನಗರದ ಎರಡನೆಯ ರಾಜವಂಶಕ್ಕೆ ಹೆಸರಾದುದು ಇದೇ. ಕುಮಾರ ಕಂಪಣನ ದಕ್ಷಿಣ ದಂಡಯಾತ್ರೆಯಲ್ಲಿ ಹೆಸರುಗಳಿಸಿದ ಮಂಗಿಯ ಕಾಲದಿಂದ ಈ ಬಿರುದು ಮನೆತನಕ್ಕೆ ಅಂಟಿತು. ಸಾಳುವ ನರಸಿಂಹನು ೧೪೮೫ರಲ್ಲಿ ಸಿಂಹಾಸನವೇರಿದಾಗ ಗಿಡುಗದ ಹೆಸರೇ ವಂಶದ ಹೆಸರಾಗಿ ನಿಂತಿತು. ಗೊರಂಟ್ಲದ ಶಾಸನವು ಈ ಮನೆತನದ ಮೂಲವನ್ನು ಕಲ್ಯಾಣಕ್ಕೇ ಒಯ್ಯುತ್ತದೆಂಬುದು ಗಮನಾರ್ಹ. ಶ್ಯೇನವಿನೋದ ಬರೆಯಲ್ಪಟ್ಟ ಊರಿಗೂ ಸಾಳುವ ಎಂಬ ಬಿರುದಿಗೂ ಇದರಿಂದ ನೇರ ಸಂಬಂಧ ಸಿದ್ಧವಾಗದು. ಆದರೆ ಗಿಡುಗವು ಅಂದಿನ ವೀರರಿಗೆ ಕೇವಲ ಕವಿಸಮಯವಾಗಿರಲಿಲ್ಲವೆಂದು ಊಹಿಸಲು ಅಡ್ಡಿಯಿಲ್ಲ.

ಗೂಗೆಯ ಹೆಸರನ್ನು ಯಾವ ವೀರನೂ ಬಿರುದಾಗಿ ಧರಿಸಲಿಲ್ಲ. ಬೇಟೆಗಾರಿಕೆಯಲ್ಲಿ ಅದು ಗಿಡುಗಕ್ಕೆ ಕಡಮೆಯದಲ್ಲ. ಅದರ ರೆಕ್ಕೆಯಂಚಿನ ಎಳೆಗಳು ಹಾರಾಟದ ಸದ್ದನ್ನು ಅಡಗಿಸುತ್ತವೆ. ಕಣಜದ ಗೂಗೆ ಕಗ್ಗತ್ತಲಲ್ಲಿ ಕಿವಿಯೊಂದರಿಂದಲೇ ಇಲಿಯನ್ನು ಹಿಡಿಯಬಲ್ಲುದೆಂದು ೧೯೬೦ರ ದಶಕದಲ್ಲಿ ರೋಜರ್ ಪೇನ್ ಎಂಬ ವಿಜ್ಞಾನಿ ಪ್ರಯೋಗದಿಂದ ತೋರಿಸಿದನು. ಆದರೆ ಗಿಡುಗಬೇಟೆ ಮಾಂಸಕ್ಕಾಗಿ ಆಡುವುದಕ್ಕಿಂತ ನೋಟಕ್ಕಾಗಿ ಆಡುವುದು. ಹಕ್ಕಿ ಕೈಯಿಂದ ಚಿಮ್ಮುವುದನ್ನೂ ಬಾನಿನಿಂದ ಎರಗುವುದನ್ನೂ ದೊರೆ ಕಾಣಬೇಕು, ಪರಿವಾರ ಮೆಚ್ಚಬೇಕು. ಕೊಂಬೆಯ ಮೇಲೆ ಕಾದು ಕುಳಿತು ಕತ್ತಲಲ್ಲಿ ಕವಿಯುವ ಗೂಗೆಯಿಂದ ಇದು ಸಾಧ್ಯವಿಲ್ಲ. ಕುಮಾವೂನಿನ ರುದ್ರದೇವನ 'ಶ್ಯೈನಿಕಶಾಸ್ತ್ರ'ವು (ಹರಪ್ರಸಾದ ಶಾಸ್ತ್ರಿಗಳಿಂದ ೧೯೧೦ರಲ್ಲಿ ಕಲ್ಕತ್ತೆಯಲ್ಲಿ ಪ್ರಕಟಿತ) ಬೇಟೆಹಕ್ಕಿಗಳನ್ನು ಕಣ್ಣಿನ ಬಣ್ಣದಿಂದ ವಿಂಗಡಿಸುತ್ತದೆ: ಕರಿಗಣ್ಣಿನವು, ಪಾಟಲಗಣ್ಣಿನವು. ಕರಿಗಣ್ಣಿನ ಗೂಗೆಗಳೂ ಕೆಂಗಣ್ಣಿನ ಗೂಗೆಗಳೂ ಲೋಕದಲ್ಲಿವೆ. ಆದರೂ ರಾಜರ ಮುಂಗೈ ಅವಕ್ಕೆ ದೊರೆಯಲಿಲ್ಲ. ದೊರೆತ ಉದ್ಯೋಗ ಮತ್ತೊಂದು. ಹಗಲಿನಲ್ಲಿ ಗೂಗೆಯನ್ನು ಕಂಡರೆ ಸಣ್ಣ ಹಕ್ಕಿಗಳು ಕೂಗಿ ಮುತ್ತುವುದುಂಟಷ್ಟೆ. ಆದುದರಿಂದ ಯುರೋಪಿನ ಗಿಡುಗಬೇಟೆಗಾರರು ಹದ್ದುಗಳನ್ನು ಕೆಳಕ್ಕೆಳೆಯಲು ಗೂಗೆಯನ್ನು ಹಾರಬಿಟ್ಟರು. ನಮ್ಮ ಹಕ್ಕಿಹಿಡುಕರು ಅದನ್ನು ಕಟ್ಟಿಹಾಕಿ ಸುತ್ತಲೂ ಅಂಟುಕಡ್ಡಿ ನೆಟ್ಟರು.

ಇರುಳಬೇಟೆಯ ಕಳಂಕ ಮಾತ್ರ ಇದಕ್ಕಿಂತ ಹಳೆಯದು. ಮಹಾಭಾರತದ ಸೌಪ್ತಿಕಪರ್ವದಲ್ಲಿ ಆಲದಮರದ ಮೇಲೆ ಮಲಗಿದ್ದ ಕಾಗೆಗಳನ್ನು ಗೂಗೆಯೊಂದು ಕೊಲ್ಲುವುದನ್ನು ಕಂಡೇ ಅಶ್ವತ್ಥಾಮನು ಮಲಗಿದವರನ್ನು ಕೊಲ್ಲುವ ಉಪಾಯವನ್ನು ಕಲಿತನು. ಅದು ಧರ್ಮವಲ್ಲವೆಂದು ಕೃಪನು ತಡೆದರೂ ಕೇಳಲಿಲ್ಲ. ಇದೇ ವಿವೇಕದ ದೂರದ ನೆರಳನ್ನು ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ ಕಾಣಬಹುದು. ಪರವಾನಿಗೆಯ ಬೇಟೆ ಆಗ ಇನ್ನೂ ಉಳಿದಿತ್ತು. ವಿಶೇಷ ಅನುಮತಿಯಿಲ್ಲದೆ ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ಬೇಟೆಯಾಡಬಾರದೆಂದೂ, ಕೃತಕ ಬೆಳಕನ್ನು ಬಳಸಬಾರದೆಂದೂ ಅದರ ೧೭ನೆಯ ಕಲಮು ವಿಧಿಸಿತು. ೧೯೯೧ರ ತಿದ್ದುಪಡಿಯಲ್ಲಿ ಈ ಕಲಮೇ ಬಿದ್ದುಹೋಯಿತು, ಏಕೆಂದರೆ ಪರವಾನಿಗೆಯ ಬೇಟೆಯೇ ಇಲ್ಲವಾಯಿತು. ಹಿಡಿಯುವುದೂ ಬಲೆಯೊಡ್ಡುವುದೂ ಕಾನೂನಿನ ದೃಷ್ಟಿಯಲ್ಲಿ ಬೇಟೆಯೇ ಆದುದರಿಂದ, ಗಿಡುಗದ ಮರಿಯನ್ನು ಗೂಡಿನಿಂದ ತೆಗೆದು ಪಳಗಿಸುವ ಸಾಳುವರ ವಿದ್ಯೆಯೂ ಅಪರಾಧವಾಯಿತು. ಗಿಡುಗಕ್ಕೆ ಇದರಿಂದ ಬಹುಮಟ್ಟಿಗೆ ಬಿಡುಗಡೆ ದೊರೆತಿದೆ. ಗೂಗೆಯನ್ನಾದರೋ ದೀಪಾವಳಿಯ ಅಮಾವಾಸ್ಯೆಯ ಬಲಿಗಾಗಿ ಇಂದಿಗೂ ಕದ್ದು ಹಿಡಿದು ಮಾರುತ್ತಾರೆ.