ಹೊರೆಯ ತೂಕ ಮತ್ತು ಹೊರೆಯ ಎತ್ತರ

ಚೆಂಬೂರಿನ ರಸಗೊಬ್ಬರದ ಕಾರಖಾನೆಯು ಭಾರತ ರಸಗೊಬ್ಬರ ನಿಗಮದ ಟ್ರಾಂಬೆ ಘಟಕವಾಗಿ 1965ರಲ್ಲಿ ಉತ್ಪಾದನೆಯನ್ನಾರಂಭಿಸಿ, 1978ರಲ್ಲಿ ರಾಷ್ಟ್ರೀಯ ಕೆಮಿಕಲ್ಸ್ ಅಂಡ್ ಫರ್ಟಿಲೈಸರ್ಸ್ ಸಂಸ್ಥೆಗೆ ಸೇರಿತು. ದೇಶದಲ್ಲಿ ಬಹುಕಾಲ 50 ಕಿಲೋಗ್ರಾಮಿನದಾಗಿದ್ದ ಯೂರಿಯಾ ಚೀಲ 2018ರಲ್ಲಿ 45ಕ್ಕೆ ಇಳಿಯಿತು. ಬೇಸಾಯಗಾರನು ಅತಿಯಾಗಿ ಗೊಬ್ಬರ ಚೆಲ್ಲದಿರಲೆಂಬುದು ಅದರ ಉದ್ದೇಶ. ಹೊರುವವನ ಬೆನ್ನಿಗೆ ಅದರಿಂದ ಏನಾಯಿತೆಂಬುದು ಬೇರೆಯೇ ಪ್ರಶ್ನೆ.

ಒಂದು ಟನ್ ಗೊಬ್ಬರವೆಂದರೆ ಹಿಂದೆ 20 ಚೀಲ; ಈಗ 22ಕ್ಕೂ ಮಿಗಿಲು. ಅದನ್ನು ನೆಲದಿಂದ ಒಂದೂವರೆ ಮೀಟರ್ ಎತ್ತಲು ಭೌತಶಾಸ್ತ್ರದ ಲೆಕ್ಕದಲ್ಲಿ ಸುಮಾರು ಮೂರೂವರೆ ಕಿಲೋಕ್ಯಾಲರಿ ಸಾಕು. ಆದರೆ ಸ್ನಾಯುಗಳು ಆಹಾರದ ಶಕ್ತಿಯಲ್ಲಿ ಹೆಚ್ಚೆಂದರೆ ಕಾಲುಭಾಗವನ್ನು ಕೆಲಸವಾಗಿ ಮಾರ್ಪಡಿಸುತ್ತವೆಯಾದುದರಿಂದ ವೆಚ್ಚ 14ಕ್ಕೇರುತ್ತದೆ. ಮೇಲಾಗಿ, ಬಾಗಿ ಏಳುವವನು ಚೀಲವೊಂದನ್ನೇ ಎತ್ತುವುದಿಲ್ಲ. 60 ಕಿಲೋಗ್ರಾಂ ತೂಗುವವನ ತಲೆ, ತೋಳು, ಮುಂಡಗಳೇ ಸುಮಾರು 40 ಕಿಲೋಗ್ರಾಂ. ಚೀಲ ಹಗುರವಾದರೆ ಒಂದೊಂದು ಸಲದ ಭಾರ ಬೆನ್ನೆಲುಬಿಗೆ ಕಡಮೆಯಾಗುವುದು ನಿಜ. ಬಾಗುವ ಸರತಿ ಮಾತ್ರ ಹೆಚ್ಚುತ್ತದೆ.

ಇಳಿಸುವುದಕ್ಕೆ ಶ್ರಮವಿಲ್ಲವೆಂಬುದೂ ಸಲ್ಲದ ಮಾತು. 1952ರಲ್ಲಿ ಅಬಟ್, ಬಿಗ್ಲೆಂಡ್, ರಿಚಿ ಎಂಬ ಶರೀರವಿಜ್ಞಾನಿಗಳು ಎರಡು ಸೈಕಲ್ಲುಗಳನ್ನು ಸರಪಳಿಯಿಂದ ಜೋಡಿಸಿ, ಒಬ್ಬರು ತುಳಿಯುವಂತೆಯೂ ಇನ್ನೊಬ್ಬರು ತಡೆಯುವಂತೆಯೂ ಮಾಡಿ, ಇಬ್ಬರಿಗೂ ತಗುಲಿದ ಆಮ್ಲಜನಕವನ್ನು ಅಳೆದರು. ತಡೆದವರಿಗೆ ಬಹಳ ಕಡಮೆ ಸಾಕಾಯಿತು; ಆದರೂ ಅದು ಶೂನ್ಯವಾಗಲಿಲ್ಲ. ಚೀಲವನ್ನು ಮೆಲ್ಲನೆ ಇಳಿಸುವುದೂ ಇಂತಹ ತಡೆಯೇ. ಬೀಳುವ ಭಾರದ ಶಕ್ತಿ ಹೊತ್ತವನ ದೇಹಕ್ಕೆ ಆಹಾರವಾಗಿ ಮರಳದೆ, ಸ್ನಾಯುಗಳಲ್ಲಿ ಶಾಖವಾಗಿ ಹೋಗುತ್ತದೆ.

ಕಾನೂನು ಈ ಶ್ರಮವನ್ನು ಗಮನಿಸದೆ ಇಲ್ಲ. ಮುಂಬಯಿಯಲ್ಲಿ ತಲೆಯ ಮೇಲೆ ಹೊರುವವನಿಗೆ ಮಾಥಾಡಿಯೆಂದು ಹೆಸರು. ಮರಾಠಿಯಲ್ಲಿ ಮಾಥಾ ಎಂದರೆ ತಲೆ. ಅಣ್ಣಾಸಾಹೇಬ ಪಾಟೀಲರ ನಾಯಕತ್ವದಲ್ಲಿ ಸಂಘಟಿತರಾದ ಈ ಶ್ರಮಿಕರಿಗೆ 1969ರ ಮಹಾರಾಷ್ಟ್ರ ಶಾಸನವು ಮಂಡಳಿಗಳ ಮೂಲಕ ಕೂಲಿಯ ಹಾಗೂ ಭವಿಷ್ಯನಿಧಿಯ ಭದ್ರತೆಯನ್ನೊದಗಿಸಿತು. ಅದಕ್ಕೆ ಎರಡು ವರ್ಷ ಮೊದಲು, 1967ರಲ್ಲಿ, ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು ಹೊರೆಯ ಗರಿಷ್ಠ ತೂಕದ ಒಪ್ಪಂದವನ್ನು ಅಂಗೀಕರಿಸಿ, ಅದರ ಜೊತೆಯ ಶಿಫಾರಸಿನಲ್ಲಿ ವಯಸ್ಕ ಪುರುಷನಿಗೆ 55 ಕಿಲೋಗ್ರಾಮನ್ನು ಮಿತಿಯಾಗಿ ಸೂಚಿಸಿತು. ಭಾರತವು ಆ ಒಪ್ಪಂದಕ್ಕೆ ಸಮ್ಮತಿಯಿತ್ತುದು 2010ರಲ್ಲಿ. ಎತ್ತರದ ಪ್ರಶ್ನೆಗೆ ಖಚಿತವಾದ ಅಂಕಿ ದೊರೆತುದು 1991ರ ಅಮೆರಿಕದ ಸೂತ್ರದಲ್ಲಿ: ಭಾರವು ನೆಲದಿಂದ 75 ಸೆಂಟಿಮೀಟರ್ ಮೇಲಿದ್ದು ಉಳಿದೆಲ್ಲ ಅನುಕೂಲಗಳಿದ್ದರೂ 23 ಕಿಲೋಗ್ರಾಮಿಗೆ ಮೀರಬಾರದು, ಹೊರೆ ಅದಕ್ಕಿಂತ ಕೆಳಗಿದ್ದಷ್ಟೂ ಮಿತಿ ಕುಗ್ಗುತ್ತದೆ.

ಈ ವಿವೇಕ ಕನ್ನಡ ನಾಡಿಗೆ ಹೊಸದೇನೂ ಅಲ್ಲ. ಹಳೆಯ ಹಾದಿಗಳ ಬದಿಯ ಹೊರೆಗಲ್ಲು ಅದಕ್ಕೆ ಸಾಕ್ಷಿ. ನೆಟ್ಟ ಎರಡು ಕಲ್ಲುಗಳ ಮೇಲೆ ಅಡ್ಡಲಾಗಿ ಒಂದು ಚಪ್ಪಡಿ: ಇಷ್ಟೇ ಅದರ ರಚನೆ. ತಲೆಹೊರೆಯವನು ಬಾಗದೆ, ಪರರ ಕೈಯನ್ನು ಕಾಯದೆ, ಹೊರೆಯನ್ನು ಅದರ ಮೇಲೆ ಜಾರಿಸಿ, ದಣಿವಾರಿಸಿಕೊಂಡು, ಮತ್ತೆ ತಲೆಗೇರಿಸಿಕೊಳ್ಳುತ್ತಿದ್ದನು. ತಮಿಳರ ಸುಮೈತಾಂಗಿಯೂ ಕೇರಳದ ಅತ್ತಾಣಿಯೂ ಇದರ ಬಂಧುಗಳೇ. ಹೊರೆಗಲ್ಲು ಹೊರೆಯ ತೂಕವನ್ನು ಕಡಮೆ ಮಾಡಲಿಲ್ಲ. ನೆಲದವರೆಗೆ ಇಳಿಸಿ ನೆಲದಿಂದ ಎತ್ತುವ ವ್ಯರ್ಥಶ್ರಮವನ್ನು ತಪ್ಪಿಸಿತು. ಚೀಲದ ತೂಕವನ್ನು ಐದು ಕಿಲೋಗ್ರಾಂ ಇಳಿಸಿದ ಕಾಲವು ಚೀಲವಿರಿಸುವ ಕಟ್ಟೆಯನ್ನು ಸೊಂಟದ ಮಟ್ಟಕ್ಕೆ ಏರಿಸುವುದನ್ನೂ ಆಲೋಚಿಸಿದರೆ, ಹಳೆಯ ಶಿಲ್ಪಿಯ ಅರಿವು ಹೊಸ ಕಾರಖಾನೆಗೂ ಸಂದಂತಾಗುವುದು.